ವಾಲಿಬಾಲ್: ಹಿಂದಿನ ಸಾಲಿನ ಕೆಲಸ

ವಾಲಿಬಾಲ್ ಪಂದ್ಯ ನೋಡುವವರ ಕಣ್ಣು ಸಾಮಾನ್ಯವಾಗಿ ಬಲೆಯ ಮೇಲೆಯೇ ನೆಟ್ಟಿರುತ್ತದೆ. ಎತ್ತರದ ಆಟಗಾರನೊಬ್ಬನು ನೆಗೆದು ಚೆಂಡನ್ನು ಅಪ್ಪಳಿಸಿದರೆ ಚಪ್ಪಾಳೆಯೋ ಚಪ್ಪಾಳೆ. ಅದೇ ಹೊಡೆತವನ್ನು ಹಿಂದಿನ ಸಾಲಿನವನೊಬ್ಬನು ನೆಲಕ್ಕೆ ಬೀಳಗೊಡದೆ ಎತ್ತಿದರೆ ಕಂಡವರೇ ಕಡಿಮೆ. ನಮ್ಮ ಶಾಲೆಗಳಲ್ಲಂತೂ ಗಿಡ್ಡ ಹುಡುಗನನ್ನು, ಆಟ ಬಾರದವನನ್ನು, ಹಿಂದಿನ ಮೂಲೆಗೆ ತಳ್ಳುವುದು ವಾಡಿಕೆ. ಗಿಡ್ಡನು ಅಲ್ಲಿರಲಿ, ಚಿಂತೆಯಿಲ್ಲ. ಆಟ ಬಾರದವನು ಅಲ್ಲಿ ನಿಂತರೆ ಪಂದ್ಯ ಸೋತಂತೆಯೇ ಸರಿ.

ಏಕೆಂದು ಕೇಳಿ. 9 ಮೀಟರು ಚದರದ ಅಂಗಳವನ್ನು ಆರು ಜನ ಕಾಯಬೇಕು. ಎದುರಾಳಿಯು ನಮ್ಮ ಬಲಬದಿಯಿಂದ ಹೊಡೆಯುತ್ತಾನೆನ್ನಿ. ನಮ್ಮ ಮುಂದಿನ ಸಾಲಿನ ಬಲಗಡೆಯವನೂ ನಡುವಿನವನೂ ಜೊತೆಯಾಗಿ ನೆಗೆದು ಕೈಗಳಿಂದ ಗೋಡೆ ಕಟ್ಟುತ್ತಾರೆ. ಉಳಿದವರು ನಾಲ್ವರು. ಗೋಡೆಗೆ ನೆರಳುಂಟಷ್ಟೆ? ಆ ನೆರಳಿನೊಳಕ್ಕೆ ಬಿರುಹೊಡೆತ ಬರಲಾರದು. ಅಲ್ಲಿ ನಿಂತವನು ಇದ್ದೂ ಇಲ್ಲದಂತೆ. ಆದಕಾರಣ ಹಿಂದಿನ ಬಲಗಡೆಯವನು ಪಕ್ಕದ ಗೆರೆಯನ್ನು ಹಿಡಿಯಬೇಕು. ಗೋಡೆಯ ಮೇಲಿಂದ ಮೆಲ್ಲನೆ ಉದುರಿಸಿದ ಚೆಂಡಿಗೆ ಮುನ್ನುಗ್ಗುವ ಹೊಣೆಯೂ ಅವನದೇ. ಹಿಂದಿನ ಎಡಗಡೆಯವನದು ಓರೆ ಹೊಡೆತ. ನೆಗೆಯದೆ ಉಳಿದ ಮುಂದಿನ ಎಡಗಡೆಯವನು 3 ಮೀಟರು ಗೆರೆಯವರೆಗೆ ಹಿಂದೆ ಸರಿಯಬೇಕು. ನಡುವಿನವನು ಕೊನೆಯ ಗೆರೆಯ ಬಳಿ, ಬೆರಳು ತಗುಲಿ ಹಾರಿಬಂದ ಚೆಂಡಿಗೆ. ನಿಂತಲ್ಲಿಂದ ಹೊಡೆಯುವವನ ಭುಜ ಕಾಣದಿದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಜಪಾನಿನ ವನಿತೆಯರು ತಮಗಿಂತ ಎತ್ತರದ ಸೋವಿಯತ್ ತಂಡವನ್ನು 3–0ರಿಂದ ಸೋಲಿಸಿದರು. ಅವರ ಗುರು ಹಿರೋಬುಮಿ ದೈಮಾತ್ಸು ಕಲಿಸಿದ್ದೇನು? ಚೆಂಡಿಗಾಗಿ ಬೀಳುವುದು, ಭುಜದ ಮೇಲೆ ಉರುಳುವುದು, ಉರುಳಿದ ವೇಗದಲ್ಲಿಯೇ ಎದ್ದು ನಿಲ್ಲುವುದು. ಬಿದ್ದವನು ಬಿದ್ದೇ ಇದ್ದರೆ ಮುಂದಿನ ಚೆಂಡಿಗೆ ಯಾರು?

1998ರಲ್ಲಿ ಅಂತರರಾಷ್ಟ್ರೀಯ ನಿಯಮಗಳು ಈ ಕೆಲಸಕ್ಕೆಂದೇ ಒಬ್ಬ ಆಟಗಾರನನ್ನು ಒಪ್ಪಿಕೊಂಡವು. ಅವನ ಹೆಸರು ಲಿಬೆರೋ. ಇಟಲಿಯ ಭಾಷೆಯಲ್ಲಿ 'ಸ್ವತಂತ್ರ' ಎಂದರ್ಥ. ಈ ಸ್ವತಂತ್ರನಿಗೆ ನಿರ್ಬಂಧಗಳೇ ಹೆಚ್ಚೆಂಬುದು ವಿನೋದ: ಬಲೆಯ ಬಳಿ ತಡೆಗೆ ನೆಗೆಯುವಂತಿಲ್ಲ, ಬಲೆಗಿಂತ ಮೇಲಿರುವ ಚೆಂಡನ್ನು ಆಚೆಗೆ ಹೊಡೆಯುವಂತಿಲ್ಲ. ಅಂಗಿಯ ಬಣ್ಣವೂ ಬೇರೆ. ಆದರೆ ಹಿಂದಿನ ಸಾಲಿನವನ ಸ್ಥಾನಕ್ಕೆ ಅವನು ಬಂದುಹೋಗುವುದನ್ನು ಬದಲಿ ಆಟಗಾರರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನ ಸ್ವಾತಂತ್ರ್ಯ ಅಷ್ಟು.

ನಿಮ್ಮ ಮನೆಯಲ್ಲಿ ಗಿಡ್ಡನೆಂದು ತಂಡದಿಂದ ಹೊರಗುಳಿದ ಹುಡುಗನಿದ್ದರೆ, ಸಂಜೆ ಮೈದಾನಕ್ಕೆ ಕರೆದೊಯ್ದು ಹಿಂದಿನ ಎಡಗಡೆ ನಿಲ್ಲಿಸಿ. ಮೊಣಕಾಲು ಬಗ್ಗಿರಲಿ, ಕೈ ಮುಂದಿರಲಿ. ಓರೆ ಹೊಡೆತಗಳನ್ನು ಹತ್ತಾರು ಬಾರಿ ಎತ್ತಿಸಿ. ಚೆಂಡು ಬಲೆಯ ಹತ್ತಿರದ ಲಿಫ್ಟರನ ಕೈಗೆ ಎಷ್ಟು ಬಾರಿ ತಲಪಿತೆಂದು ಎಣಿಸಿ. ಎತ್ತರವನ್ನು ಆಮೇಲೆ ಅಳೆಯಬಹುದು.