ರಾತ್ರಿ ಕಾಯುವ ಕಣ್ಣುಗಳು



ಕ್ರಿಸ್ತಜಯಂತಿಯ ರಾತ್ರಿ ಬಯಲಿನಲ್ಲಿ ಮಂದೆ ಕಾಯುತ್ತಿದ್ದ ಕುರಿಗಾಹಿಗಳ ವಿಷಯವನ್ನು ಪ್ರತಿವರ್ಷ ಕೇಳುತ್ತೇವೆ. ದೇವದೂತರ ಗಾನ ನಮಗೆ ನೆನಪಿರುತ್ತದೆ. ಅದಕ್ಕೆ ಮೊದಲು ಏನೂ ಘಟಿಸದ ಎಷ್ಟೋ ರಾತ್ರಿಗಳನ್ನು ಅವರು ಎಚ್ಚರದಿಂದ ಕಳೆದಿದ್ದರು ಎಂಬುದು ಮರೆತುಹೋಗುತ್ತದೆ. ಇಂದು ಅಂಥದೇ ಒಂದು ಕಾವಲಿನ ಬಗ್ಗೆ ಹೇಳಬೇಕೆನಿಸಿದೆ. ಹಬ್ಬಕ್ಕೆಂದು ದುಬೈ, ದೋಹಾ, ಮಸ್ಕತ್‌ಗಳಿಂದ ನಮ್ಮ ಮಕ್ಕಳು ಊರಿಗೆ ಬರುತ್ತಾರೆ. ಅವರ ಪೆಟ್ಟಿಗೆಯನ್ನು ಎಕ್ಸ್‌ರೇ ಪರದೆಯ ಮುಂದೆ ಕುಳಿತ ಯಾರೋ ಒಬ್ಬರು ನೋಡಿ ಬಿಟ್ಟಿರುತ್ತಾರೆ. ಆ ಒಬ್ಬರ ಬಗ್ಗೆ ನನ್ನ ಮಾತು.

ಪರದೆಯ ಮೇಲೆ ಲೋಹ ನೀಲಿಯಾಗಿ ಕಾಣುತ್ತದೆ, ಬಟ್ಟೆ, ಆಹಾರ, ಕಾಗದ ಕಿತ್ತಳೆ ಬಣ್ಣದಲ್ಲಿ, ನಡುವಿನವು ಹಸಿರಾಗಿ. ಯಂತ್ರ ಬಣ್ಣ ಕೊಡುತ್ತದೆ, ಅರ್ಥ ಮಾಡಿಕೊಳ್ಳಬೇಕಾದವರು ಮನುಷ್ಯರು. ಮಗಳಿಗೆಂದು ನಾವು ಕಟ್ಟಿಕೊಡುವ ಪ್ಲಮ್ ಕೇಕು, ಹಲ್ವಾ ದಟ್ಟವಾದ ಕಿತ್ತಳೆ ಮುದ್ದೆಯಾಗಿ ಕಾಣುತ್ತವೆ. ಕೆಲವು ಸ್ಫೋಟಕಗಳೂ ಹಾಗೆಯೇ! ಕುಸ್ವಾರದ ಡಬ್ಬಿಯ ಮೇಲೆ ಚಾರ್ಜರು, ವೈರು ಬಿದ್ದಿದ್ದರಂತೂ ಕೇಳುವುದೇ ಬೇಡ. ತೀರ್ಮಾನಕ್ಕೆ ಇರುವುದು ಕೆಲವೇ ಸೆಕೆಂಡು.

ಇದು ಎಷ್ಟು ಕಷ್ಟದ ಕೆಲಸವೆಂದು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಕೇಂಬ್ರಿಜ್‌ನ ನಾರ್ಮನ್ ಮ್ಯಾಕ್‌ವರ್ತ್ ರಾಡಾರ್ ಕಾಯುವವರ ಎಚ್ಚರವನ್ನು ತಿಳಿಯಲು ಒಂದು ಗಡಿಯಾರ ಮಾಡಿಸಿದರು. ಅದರ ಮುಳ್ಳು ಅಪರೂಪಕ್ಕೊಮ್ಮೆ ಒಂದರ ಬದಲು ಎರಡು ಹೆಜ್ಜೆ ಹಾರುತ್ತಿತ್ತು. ಅದನ್ನು ಎರಡು ಗಂಟೆ ನೋಡುತ್ತಾ ಕುಳಿತವರ ಎಚ್ಚರ ಮೊದಲ ಅರ್ಧ ಗಂಟೆಯ ನಂತರವೇ ಕುಂದಿತ್ತು. 1948ರಲ್ಲಿ ಅವರು ಇದನ್ನು ಪ್ರಕಟಿಸಿದರು. 2005ರಲ್ಲಿ ಅಮೆರಿಕದ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ಕಿಕ್ಕಿರಿದ ಚಿತ್ರಗಳಲ್ಲಿ ಒಂದು ವಸ್ತುವನ್ನು ಹುಡುಕಲು ಜನರಿಗೆ ಹೇಳಿದರು. ಅರ್ಧದಷ್ಟು ಚಿತ್ರಗಳಲ್ಲಿ ವಸ್ತು ಇದ್ದಾಗ ಅವರು ತಪ್ಪಿಸಿಕೊಂಡದ್ದು ಶೇ. 7 ಮಾತ್ರ. ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ತಪ್ಪು ಶೇ. 30ಕ್ಕೆ ಏರಿತು. ಇದು ಸೋಮಾರಿತನವಲ್ಲ. ನೂರು ಸಲ 'ಇಲ್ಲ' ಎಂಬ ಉತ್ತರ ಸರಿಯಾದರೆ, ನೂರಾ ಒಂದನೆಯ ಸಲವೂ ಅದೇ ಬಾಯಿಗೆ ಬರುತ್ತದೆ.

1988ರ ಡಿಸೆಂಬರ್ 21ರಂದು ಲಾಕರ್‌ಬಿಯ ಮೇಲೆ ಒಡೆದ ವಿಮಾನದಲ್ಲಿ ಕ್ರಿಸ್ತಜಯಂತಿಗೆಂದು ಮನೆಗೆ ಹೊರಟವರಿದ್ದರು. ಕೆಳಗಿನ ಊರಿನವರೂ ಸೇರಿ 270 ಜನ ತೀರಿಕೊಂಡರು. ಬಾಂಬು ಇದ್ದದ್ದು ರೇಡಿಯೋ ಕ್ಯಾಸೆಟ್ ಪ್ಲೇಯರಿನ ಒಳಗೆ. ಅದಕ್ಕೂ ಮುಂಚೆ, 1985ರ ಜೂನ್ 23ರಂದು ನಮ್ಮ 'ಕನಿಷ್ಕ' ವಿಮಾನದಲ್ಲಿ 329 ಜನ ಅಳಿದರು. ಟೊರೊಂಟೊದಲ್ಲಿ ಎಕ್ಸ್‌ರೇ ಯಂತ್ರ ನಡುವಿನಲ್ಲೇ ಕೆಟ್ಟು, ಉಳಿದ ಪೆಟ್ಟಿಗೆಗಳನ್ನು ಕೈಯಲ್ಲಿ ಹಿಡಿಯುವ ಉಪಕರಣದಿಂದ ಪರೀಕ್ಷಿಸಿದ್ದರು. ಇಂಥ ಸುದ್ದಿ ಕೇಳಿದೊಡನೆ ಯಂತ್ರದ ಮುಂದಿದ್ದವರನ್ನು ದೂರುವುದು ಸುಲಭ. ಅವರಿಗೆ ಎಂಥ ತರಬೇತಿ ಕೊಟ್ಟಿದ್ದರು, ಎಷ್ಟು ಹೊತ್ತು ಕೂರಿಸಿದ್ದರು ಎಂದು ಯಾರೂ ಕೇಳುವುದಿಲ್ಲ.

ಐರೋಪ್ಯ ಒಕ್ಕೂಟದ ನಿಯಮದಂತೆ ಒಬ್ಬರು ಸಾಮಾನ್ಯವಾಗಿ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಸತತವಾಗಿ ಪರದೆ ನೋಡಬಾರದು, ಬಳಿಕ ಕನಿಷ್ಠ 10 ನಿಮಿಷ ಕಣ್ಣಿಗೆ ಬಿಡುವು. ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿತು. ನಿಜವಾದ ಪೆಟ್ಟಿಗೆಯ ಚಿತ್ರದೊಳಗೆ ಕಂಪ್ಯೂಟರು ಆಗಾಗ ಸುಳ್ಳು ಪಿಸ್ತೂಲನ್ನೋ ಬಾಂಬನ್ನೋ ಸೇರಿಸುತ್ತದೆ. ನೋಡುವವರು ಅದನ್ನು ಹಿಡಿದು ಗುಂಡಿ ಒತ್ತಿದರೆ, ಇದು ಪರೀಕ್ಷೆಯೆಂದು ತಿಳಿಸುತ್ತದೆ. ಬಿಟ್ಟರೂ ತಿಳಿಸುತ್ತದೆ. ಅಪರೂಪವನ್ನು ಸ್ವಲ್ಪ ಬಳಕೆಗೆ ತರುವ ದಾರಿಯಿದು. ಬಯಲಿನಲ್ಲಿಯೂ ಕಾಯುತ್ತಿದ್ದವರು ಒಬ್ಬರಲ್ಲ, ಹಲವರಿದ್ದರು. ಒಬ್ಬನ ಕಣ್ಣನ್ನೇ ನಂಬಿ ಮಂದೆಯನ್ನು ಬಿಡುವವರು ಯಾರು?

ನಮ್ಮ ದೇಶದಲ್ಲಿ 1999ರ ಡಿಸೆಂಬರ್ 24ರಂದು, ಕ್ರಿಸ್ತಜಯಂತಿಯ ಹಿಂದಿನ ದಿನವೇ, ಕಠ್ಮಂಡುವಿನಿಂದ ಹೊರಟ ವಿಮಾನ ಅಪಹರಣವಾಯಿತು. 2000ದಿಂದ ನಿಲ್ದಾಣಗಳ ಕಾವಲು ಒಂದೊಂದಾಗಿ ಸಿ.ಐ.ಎಸ್.ಎಫ್.ಗೆ ಬಂತು. ನಾವು ನಡುರಾತ್ರಿಯ ಬಲಿಪೂಜೆಗೆ ಹೊರಡುವ ಹೊತ್ತಿಗೆ ಅವರಲ್ಲಿ ಅನೇಕರು ಕೆಲಸದಲ್ಲಿರುತ್ತಾರೆ. ಸಾಲಿನಲ್ಲಿ ನಿಂತು 'ಇವರೇಕೆ ಇಷ್ಟು ನಿಧಾನ' ಎಂದು ಗದ್ದಲ ಮಾಡಿದರೆ, ಆ ಅವಸರ ಪರದೆಯ ಮುಂದಿರುವವರ ಬೆನ್ನಿಗೆ ತಟ್ಟುತ್ತದೆ.

ಹೊರಡುವ ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ: ಪವರ್ ಬ್ಯಾಂಕನ್ನು ಲಗೇಜಿಗೆ ಹಾಕಬಾರದು, ಕೈಚೀಲದಲ್ಲಿರಲಿ. ವೈರುಗಳನ್ನು ಬೇರೆಯಾಗಿ ಸುತ್ತಿಡಲಿ. ಕೇಕಿನ ಡಬ್ಬಿ ಸುಲಭವಾಗಿ ತೆರೆಯುವಂತಿರಲಿ. ನೆರೆಮನೆಯವರು 'ನಮ್ಮ ಹುಡುಗನಿಗೆ ತಲುಪಿಸಿ' ಎಂದು ಹೊಲಿದ ಪೊಟ್ಟಣ ತಂದರೆ, ಸಂಕೋಚಪಡದೆ ಅವರೆದುರೇ ಬಿಚ್ಚಿ, ಒಳಗಿರುವುದನ್ನು ನೋಡಿ, ಮತ್ತೆ ಕಟ್ಟಿ.