ಸಂತೆ ಕಳೆದ ಊರು



ಇಂಗ್ಲೆಂಡಿನ ಗ್ಲೊಸ್ಟರ್‌ಶೈರಿನಲ್ಲಿ, ಕಾಟ್ಸ್‌ವೋಲ್ಡ್ ಬೆಟ್ಟಸಾಲಿನ ಅಂಚಿನಲ್ಲಿ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಪುಟ್ಟ ಪಟ್ಟಣವಿದೆ. ಹಳೆಯ ಇಂಗ್ಲಿಷಿನಲ್ಲಿ 'ಚಿಪ್ಪಿಂಗ್' ಎಂದರೆ ಸಂತೆ. ಊರಿನ ಹೆಸರೇ ಅದರ ಕಸುಬನ್ನು ಹೇಳುತ್ತದೆ.

ಈ ಊರನ್ನು ಬೆಳೆಸಿದ್ದು ಸುತ್ತಲಿನ ಬೆಟ್ಟಗಳಲ್ಲಿ ಮೇಯುತ್ತಿದ್ದ ಕುರಿಗಳು. ಮಧ್ಯಯುಗದಲ್ಲಿ ಇಲ್ಲಿಯ ಉಣ್ಣೆ ಫ್ಲಾಂಡರ್ಸ್ ಮತ್ತು ಇಟಲಿಯ ಮಗ್ಗಗಳವರೆಗೆ ಹೋಗುತ್ತಿತ್ತು. 1401ರಲ್ಲಿ ತೀರಿಕೊಂಡ ಉಣ್ಣೆ ವರ್ತಕ ವಿಲಿಯಂ ಗ್ರೆವೆಲ್‌ನ ಮನೆ ಇಂದಿಗೂ ಮುಖ್ಯಬೀದಿಯಲ್ಲಿ ನಿಂತಿದೆ. ಹಳ್ಳಿಗರು ಬೆಣ್ಣೆ, ಗಿಣ್ಣು, ಕೋಳಿ ಮಾರಲೆಂದು ಬ್ಯಾಪ್ಟಿಸ್ಟ್ ಹಿಕ್ಸ್ 1627ರಲ್ಲಿ ಕಲ್ಲುಕಮಾನುಗಳ ಸಂತೆಕಟ್ಟೆಯೊಂದನ್ನು ಕಟ್ಟಿಸಿದ.

ಮುಂದೆ ಉಣ್ಣೆಯ ವ್ಯಾಪಾರ ಇಳಿಯಿತು. ಯಂತ್ರಗಳ ಕಾಲದಲ್ಲಿ ದೊಡ್ಡ ಗಿರಣಿಗಳು ಯಾರ್ಕ್‌ಶೈರಿನತ್ತ ಹೋದವು. ಹಳೆಯ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟುವಷ್ಟು ಹಣ ಕ್ಯಾಂಪ್ಡನ್ನಿನಲ್ಲಿ ಉಳಿಯಲಿಲ್ಲ. ಇಂದು ಪ್ರವಾಸಿಗರು ಮೆಚ್ಚುವ ಚೆಲುವನ್ನು ಕಾಪಾಡಿದ್ದು ಆ ಬಡತನವೇ.

1902ರಲ್ಲಿ ವಾಸ್ತುಶಿಲ್ಪಿ ಸಿ. ಆರ್. ಆಶ್‌ಬೀ ತನ್ನ ಕುಶಲಕರ್ಮಿಗಳ ಸಂಘವನ್ನು ಲಂಡನ್ನಿನ ಈಸ್ಟ್ ಎಂಡಿನಿಂದ ಇಲ್ಲಿಗೆ ಕರೆತಂದ. ಹೆಂಡತಿ ಮಕ್ಕಳೂ ಸೇರಿ ಸುಮಾರು 150 ಮಂದಿ ಬಂದರು. ಪಾಳುಬಿದ್ದಿದ್ದ ರೇಷ್ಮೆ ಗಿರಣಿಯಲ್ಲಿ ಬೆಳ್ಳಿ ಕೆಲಸ, ಮರಗೆಲಸ ಆರಂಭವಾದವು. ನಮಗೆಲ್ಲ ಪರಿಚಿತರಾದ ಆನಂದ ಕುಮಾರಸ್ವಾಮಿಯವರು ಪಕ್ಕದ ಬ್ರಾಡ್ ಕ್ಯಾಂಪ್ಡನ್ನಿನಲ್ಲಿ ನೆಲೆಸಿದ್ದರು. ಮಧ್ಯಯುಗದ ಸಿಂಹಳ ಕಲೆಯನ್ನು ಕುರಿತ ಅವರ ಗ್ರಂಥ 1908ರಲ್ಲಿ ಅಚ್ಚಾದದ್ದು ಅಲ್ಲಿಯೇ. ಪೂರ್ವದ ಕಸುಬುದಾರರ ಬಗ್ಗೆ ಅವರು ಬರೆಯುತ್ತಿದ್ದ ಹೊತ್ತಿಗೇ ಪಕ್ಕದ ಊರಿನ ಕಸುಬುದಾರರ ಸಂಘ ಕುಸಿಯುತ್ತಿತ್ತು!

ಕುಸಿದದ್ದೇಕೆ? ಕೈಚಳಕ ಕಡಿಮೆಯಿತ್ತೆಂದಲ್ಲ. ಕೊಳ್ಳುವವರು ದೂರದ ಲಂಡನ್ನಿನಲ್ಲಿದ್ದರು. ಅಲ್ಲಿ ಅದೇ ಬಗೆಯ ಯಂತ್ರದ ಸಾಮಾನು ಅಗ್ಗದಲ್ಲಿ ಸಿಗುತ್ತಿತ್ತು. ಲಂಡನ್ನಿನಲ್ಲಾದರೆ ಕೆಲಸ ಕಡಿಮೆಯಾದಾಗ ಕುಶಲಕರ್ಮಿ ಬೇರೆ ಕಾರ್ಯಾಗಾರಕ್ಕೆ ಹೋಗಬಹುದಿತ್ತು. ಇಲ್ಲಿ ಆ ದಾರಿ ಇರಲಿಲ್ಲ. ಸುತ್ತಲಿನ ರೈತನಿಗೆ ಬೆಳ್ಳಿಯ ಬಟ್ಟಲು ಬೇಕಿರಲಿಲ್ಲ. ಉಣ್ಣೆಯ ಕಾಲದಲ್ಲಿ ಪಟ್ಟಣಕ್ಕೂ ಹಳ್ಳಿಗೂ ಇದ್ದ ಕೊಡುಕೊಳ್ಳುವಿಕೆ ಈ ಹೊಸ ಕಸುಬಿಗೆ ದೊರೆಯಲಿಲ್ಲ. ಆದರೂ ಕೆಲವರು ಊರು ಬಿಡಲಿಲ್ಲ. ಸಂಘದ ಬೆಳ್ಳಿ ಕೆಲಸವನ್ನು ಹಾರ್ಟ್ ಮನೆತನ ತಲೆಮಾರುಗಳಿಂದ ಅದೇ ಗಿರಣಿಯಲ್ಲಿ ಮುಂದುವರಿಸಿಕೊಂಡು ಬಂದಿದೆ.

ಇಂದು ಸಂತೆಕಟ್ಟೆ ನ್ಯಾಷನಲ್ ಟ್ರಸ್ಟಿನ ರಕ್ಷಣೆಯಲ್ಲಿದೆ. ಊರು ಚೆಲುವಾಗಿದೆ, ಮನೆಗಳ ಬೆಲೆ ಮಾತ್ರ ದುಡಿಯುವ ಯುವಕರ ಕೈಗೆಟುಕದಷ್ಟು ಏರಿದೆ. ಹಳೆಯ ಊರುಗಳನ್ನು ಉಳಿಸುವ ಮಾತು ಬಂದಾಗ ನಾವು ಗೋಡೆ ಕಂಬಗಳನ್ನು ಎಣಿಸುತ್ತೇವೆ. ಅಲ್ಲಿ ದುಡಿಯುವವರು ಯಾರು, ಅವರು ಮಾಡಿದ್ದನ್ನು ಕೊಳ್ಳುವವರು ಯಾರು ಎಂಬ ಲೆಕ್ಕವನ್ನೂ ಅದರ ಜೊತೆಗೇ ಹಾಕಬೇಕು.