ತಲೆ ಎಣಿಸುವಾಗ ಕೇರಿ, ರಸ್ತೆ ಹಾಕುವಾಗ ಊರು



ಊರಿನ ಜನಸಂಖ್ಯೆ ಎಷ್ಟು, ಬಸ್ಸು ಬರ್ತದಾ, ರೈಲು ಎಷ್ಟು ದೂರ, ಎಲ್ಲಾ 2011ರ ಜನಗಣತಿ ಪುಸ್ತಕದಲ್ಲಿದೆ. ಪರಿಶಿಷ್ಟರು ಎಷ್ಟು ಮಂದಿ ಅಂತಲೂ ಇದೆ. ಕೇರಿಯಿಂದ ಬಸ್ಸು ನಿಲ್ಲೋ ಜಾಗಕ್ಕೆ ಎಷ್ಟು ದೂರ ಅನ್ನೋದು ಮಾತ್ರ ಇಲ್ಲ. ನಾವು ದಿನಾ ನಡೆಯೋದು ಅದನ್ನೇ.

2000ದಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ನಿಯಮ ನೋಡಿ. ಬಯಲು ಪ್ರದೇಶದಲ್ಲಿ 500 ಜನ ಇದ್ದರೆ ರಸ್ತೆ. ಅರ್ಧ ಕಿಲೋಮೀಟರ್ ಸುತ್ತಿನ ವಸತಿಗಳನ್ನು ಸೇರಿಸಿ ಎಣಿಸಬಹುದು. ಅಲ್ಲಿಗೆ ನಮ್ಮ ತಲೆಗಳೂ ಲೆಕ್ಕಕ್ಕೆ ಬಂದವು. ಆದರೆ ಸರ್ವಋತು ರಸ್ತೆಯಿಂದ 500 ಮೀಟರ್ ಒಳಗಿರೋ ವಸತಿಗೆ ಸಂಪರ್ಕ ಇದ್ದ ಹಾಗೇ ಲೆಕ್ಕ! ಆ ಅರ್ಧ ಕಿಲೋಮೀಟರ್ ಕೆಸರು ಯಾರ ಪಾಲು? ಮಳೆಗಾಲದಲ್ಲಿ ಬಸುರಿಯನ್ನು ಹೊತ್ತು ತರೋರು ಯಾರು?

ದಾರಿ ಇದ್ದರೂ ಸಾಲದು ಅನ್ನಿ. 1901ರಲ್ಲಿ ಮಸೂರು ಸ್ಟೇಷನ್ನಿನಲ್ಲಿ ಇಳಿದ ಬಾಲಕ ಅಂಬೇಡ್ಕರ್ ಮತ್ತವರ ಜೊತೆಯ ಹುಡುಗರನ್ನು, ಜಾತಿ ಗೊತ್ತಾದ ಮೇಲೆ, ಯಾವ ಗಾಡಿಯವನೂ ಕರೆದೊಯ್ಯಲಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ. ಗಾಡಿ ಹುಡುಗರೇ ಹೊಡೀಬೇಕು, ಅವನು ಪಕ್ಕದಲ್ಲಿ ನಡೀತಾನೆ! ರೈಲೂ ಇತ್ತು, ಗಾಡಿಯೂ ಇತ್ತು.

ಈ ರಜೆಗೆ ಊರಿಗೆ ಹೋದಾಗ ಕೇರಿಯಿಂದ ಡಾಂಬರಿನವರೆಗೆ ಅಳೆಯೋಣ, ಮನೆ ಎಣಿಸೋಣ. ಗ್ರಾಮಸಭೆಯಲ್ಲಿ ಓದಿ ನಡಾವಳಿ ಪುಸ್ತಕಕ್ಕೆ ಬರೆಸೋಣ. ಬರೆಸದೆ ಎದ್ದು ಬರೋದು ಬೇಡ.